ಫೋನಿನ ನಿಕಾಹ್‌ಗೆ ಸಾಕ್ಷಿ ಯಾರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತದೆ ನಮ್ಮ ಗಾದೆ. ಬಾಂಗ್ಲಾದೇಶದ ಕಾಕ್ಸ್ ಬಜಾರಿನ ನಿರಾಶ್ರಿತ ಶಿಬಿರಗಳಲ್ಲಿರುವ, ಮ್ಯಾನ್ಮಾರಿನಿಂದ ಬಂದ ರೋಹಿಂಗ್ಯಾ ಮುಸ್ಲಿಮರ ಪಾಲಿಗೆ ಮನೆಯೆಂದರೆ ಬಿದಿರು ಮತ್ತು ಟಾರ್ಪಾಲು. ಇನ್ನು ಮದುವೆ? ಎಷ್ಟೋ ಹೆಣ್ಣುಮಕ್ಕಳಿಗೆ ಅದು ಫೋನಿನಲ್ಲೇ ನಡೆದುಹೋಗುತ್ತದೆ. ಜೋಪಡಿಯಲ್ಲಿ ವಧು, ಮಲೇಷ್ಯಾದಲ್ಲಿ ಕೂಲಿಗಿರುವ ವರ, ನಡುವೆ ಮೌಲ್ವಿಯ ದನಿ.

ಇದನ್ನು ಹಗುರವಾಗಿ ನೋಡಬಾರದು. ಮ್ಯಾನ್ಮಾರಿನ ಉತ್ತರ ರಖೈನ್‌ನಲ್ಲಿ ಈ ಜನ ಮದುವೆಯಾಗಲು ಅಧಿಕಾರಿಗಳ ಪರವಾನಗಿ ಬೇಕಿತ್ತು. ಅದಕ್ಕಾಗಿ ಲಂಚ ಕೊಟ್ಟು, ವರ್ಷಗಟ್ಟಲೆ ಕಾದವರಿದ್ದಾರೆ. 2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ಮಂದಿ ಗಡಿ ದಾಟಿ ಓಡಿಬಂದರು. ಮಲೇಷ್ಯಾದಲ್ಲಿ ನೋಂದಾಯಿತ ರೋಹಿಂಗ್ಯಾಗಳೇ ಲಕ್ಷ ಮೀರಿದ್ದಾರೆ. ಹೀಗೆ ಚದುರಿಹೋದ ಸಮುದಾಯಕ್ಕೆ ಸಂಬಂಧ ಬೆಳೆಸಲು ಉಳಿದಿರುವ ದಾರಿ ಫೋನು.

ಆದರೆ ಕಟ್ಟಿದಷ್ಟೇ ಸಲೀಸಾಗಿ ಅದು ಮುರಿಯಲೂ ಬಲ್ಲದು. ತಲಾಖ್ ಒಂದು ಧ್ವನಿಸಂದೇಶದಲ್ಲಿ ಬರಬಹುದು. ಅದೂ ಬೇಡವೆಂದರೆ ಗಂಡ ನಂಬರನ್ನೇ ಬದಲಿಸಿಬಿಡಬಹುದು. ಆಗ ಗಂಡ ಕೊಡಬೇಕಾದ ಮೆಹರ್ ಕೇಳಲು ಹೆಂಡತಿಯ ಬಳಿ ಏನು ಪುರಾವೆಯಿದೆ? ಮರುಮದುವೆಯಾಗಬೇಕೆಂದರೆ ಹಿಂದಿನದು ಮುಗಿದಿದೆಯೆಂದು ಹೇಗೆ ತೋರಿಸುತ್ತಾಳೆ? ಪಡಿತರಕ್ಕಾಗಿ ಅವಳ ಬೆರಳಚ್ಚು, ಕಣ್ಣಿನ ಗುರುತು ಎಲ್ಲವನ್ನೂ ಯಂತ್ರ ದಾಖಲಿಸಿಕೊಂಡಿದೆ. ಅವಳ ಬಾಳನ್ನೇ ತಿರುಗಿಸಿದ ನಿಕಾಹ್ ಮಾತ್ರ ಬಹುಪಾಲು ಯಾವ ಪುಸ್ತಕದಲ್ಲೂ ಇಲ್ಲ.

ಮದುವೆ ಉಳಿದರೂ, ಫೋನಿನಲ್ಲಿ ಮದುವೆಯಾದವಳು ಗಂಡನನ್ನು ಸೇರಲು ಬಹುಪಾಲು ಕಳ್ಳಸಾಗಣೆದಾರರ ದೋಣಿಯನ್ನೇ ಹತ್ತಬೇಕು. 2020ರ ಏಪ್ರಿಲ್‌ನಲ್ಲಿ, ಮಲೇಷ್ಯಾ ತಲುಪಲಾಗದೆ ಸುಮಾರು ಎರಡು ತಿಂಗಳು ಕಡಲಲ್ಲಿ ಅಲೆದ ದೋಣಿಯಿಂದ ಹತ್ತಿರಹತ್ತಿರ ನಾನೂರು ಜನರನ್ನು ಬಾಂಗ್ಲಾದೇಶ ದಡಕ್ಕೆ ತಂದಿತು. ಹಲವರು ನಡುನೀರಿನಲ್ಲೇ ಸತ್ತಿದ್ದರು.

ಹಾಗೆಂದು ಫೋನು ಕಿತ್ತುಕೊಳ್ಳುವುದು ಪರಿಹಾರವಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಶಿಬಿರಗಳ 3ಜಿ, 4ಜಿ ಸಂಪರ್ಕ ಕಡಿತಗೊಂಡು, ಮರಳಲು ಸುಮಾರು ಒಂದು ವರ್ಷ ಹಿಡಿಯಿತು. ಗಂಡನ ಮುಖವನ್ನು ಪರದೆಯಲ್ಲಷ್ಟೇ ಕಂಡಿದ್ದ ಹೆಂಡತಿಗೆ ಆ ವರ್ಷವಿಡೀ ಅದೂ ಇಲ್ಲವಾಯಿತು.

ಬೇಕಿರುವುದು ದಾಖಲೆ. ಜೋರ್ಡಾನಿನ ಝಾತರಿ ಶಿಬಿರದೊಳಗೇ ಷರಿಯಾ ನ್ಯಾಯಾಲಯದ ಕಚೇರಿ ತೆರೆದು, ಸಿರಿಯಾದ ನಿರಾಶ್ರಿತರ ಮದುವೆಗಳನ್ನು ನೋಂದಾಯಿಸಿದ ಮೇಲ್ಪಂಕ್ತಿ ಇದೆ. ಕಾಕ್ಸ್ ಬಜಾರಿನಲ್ಲೂ ವಿಡಿಯೊ ಕರೆಯ ನಿಕಾಹ್ ಅಧಿಕಾರಿಯೊಬ್ಬರ ಎದುರು ನಡೆಯಲಿ. ಹುಡುಗಿಯನ್ನು ಮನೆಯವರಿಂದ ಪ್ರತ್ಯೇಕವಾಗಿ ಕೂರಿಸಿ ಅವಳ ವಯಸ್ಸು, ಒಪ್ಪಿಗೆ ಕೇಳಲಿ. ಮೆಹರ್ ಎಷ್ಟೆಂದು ಬರೆದುಕೊಳ್ಳಲಿ. ತಲಾಖ್ ಆದರೂ, ಅವಳೇ ಖುಲಾ ಎಂಬ ವಿಚ್ಛೇದನ ಕೇಳಿದರೂ ಅದೇ ಪುಸ್ತಕದಲ್ಲಿ ನಮೂದಾಗಲಿ, ಪ್ರತಿ ಅವಳ ಕೈಗೂ ಸಿಗಲಿ.

ಮ್ಯಾನ್ಮಾರಿನ 1982ರ ಕಾನೂನು ಈ ಜನರ ಪೌರತ್ವವನ್ನೇ ಕಸಿದುಕೊಂಡಿತು. ಕಾಗದವಿಲ್ಲದೆ ಬದುಕುವುದು ಎಂಥದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ದೇಶ ಕೊಡಿಸುವುದು ಸದ್ಯಕ್ಕೆ ಯಾರ ಕೈಯಲ್ಲೂ ಇಲ್ಲದಿರಬಹುದು. ಹೆಣ್ಣುಮಗಳಿಗೆ ಅವಳ ಮದುವೆಯ ಕಾಗದ ಕೊಡಿಸುವುದು ಇಂದೇ ಆಗುವ ಕೆಲಸ.