ಎದುರಿನವನಿಗೆ ನಾವು ಕಂಡಿಲ್ಲ ಅಂತಲೇ ಗಾಡಿ ಓಡಿಸಬೇಕು

ಎತ್ತಿನ ಗಾಡಿ ಕಾಲದಲ್ಲಿ ಸಂತೆಯಿಂದ ಬರುವಾಗ ಗಾಡಿ ಮೇಲೆ ನಿದ್ದೆ ಹೋದರೂ ಎತ್ತುಗಳು ಮನೆ ಮುಟ್ಟಿಸುತ್ತಿದ್ದವು. ಗುಂಡಿ ಬಂದರೆ ಅವೇ ಬಳಸಿಕೊಂಡು ಬರುತ್ತಿದ್ದವು. ಟ್ರ್ಯಾಕ್ಟರಿಗೆ ಆ ಬುದ್ಧಿ ಇಲ್ಲ. ಬುದ್ಧಿ ಏನಿದ್ದರೂ ಸೀಟಿನ ಮೇಲೆ ಕೂತವನದ್ದು.

ಮೂವತ್ತು ವರ್ಷದಿಂದ ಚಳ್ಳಕೆರೆ, ಹಿರಿಯೂರು ಕಡೆಯ ರಸ್ತೆಗಳಲ್ಲಿ ಶೇಂಗಾ, ಈರುಳ್ಳಿ ಹೇರಿಕೊಂಡು ಓಡಾಡಿದ್ದೇನೆ. ಬೈಕೂ ಓಡಿಸುತ್ತೇನೆ. ಇಷ್ಟು ವರ್ಷದಲ್ಲಿ ಮನದಟ್ಟಾಗಿರುವುದು ಒಂದೇ ಮಾತು. ರಸ್ತೆ ಮೇಲೆ ಇನ್ನೊಬ್ಬ ನಮ್ಮನ್ನು ನೋಡಿದ್ದಾನೆ ಅಂತ ನಂಬಬಾರದು. ನೋಡಿಲ್ಲ ಅಂತಲೇ ಲೆಕ್ಕ ಹಾಕಿ ಓಡಿಸಬೇಕು.

ಅಪಘಾತವಾದಾಗ ನಮ್ಮ ಜನ ಲಾರಿಯವನನ್ನೋ ಕಾರಿನವನನ್ನೋ ಬೈಯುತ್ತಾರೆ. ಅವರದ್ದು ತಪ್ಪೇ ಇಲ್ಲ ಅಂತ ನಾನು ಹೇಳೋದಿಲ್ಲ. ಆದರೆ ರಾತ್ರಿ ಹೊತ್ತು ಹಿಂದೆ ದೀಪವಿಲ್ಲದೆ ಹೋಗುವ ಟ್ರೇಲರ್ ಯಾರದ್ದು? ರೈತರದ್ದೇ ಅಲ್ಲವೇ?

ಎರಡು ಸೆಕೆಂಡಿನ ಲೆಕ್ಕ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 55 ಅಡಿ ಮುಂದೆ ಹೋಗ್ತದೆ. ಕೆಟ್ಟು ನಿಂತ ಟ್ರೇಲರ್ ಬೈಕಿನ ಡಿಮ್ ಲೈಟಿಗೆ 100 ಅಡಿ ದೂರದಲ್ಲಿ ಕಂಡಿತು ಅಂತ ಇಟ್ಟುಕೊಳ್ಳಿ. ಉಳಿದಿರೋದು ಎರಡು ಸೆಕೆಂಡೂ ಅಲ್ಲ. ಅದರಲ್ಲಿ ಒಂದು ಸೆಕೆಂಡು ಕಂಡದ್ದು ಏನು ಅಂತ ತಿಳಿದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಮುಗಿಯಿತು. ಎಂಥ ಚಾಲಾಕಿ ಸವಾರನಾದರೂ ಏನು ಮಾಡಿಯಾನು?

ನಾಲ್ಕು ವರ್ಷದ ಹಿಂದೆ ನಮ್ಮ ಪಕ್ಕದೂರಿನ ಹುಡುಗನೊಬ್ಬ ಹೀಗೇ ಹೋದ. ಟ್ರೇಲರ್ ಪಂಚರಾಗಿ ರಸ್ತೆ ಮೇಲೇ ನಿಂತಿತ್ತು. ಗುರುತಿಗೆ ಹಿಂದೆ ಮೂರು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟಿದ್ದರು. ಕತ್ತಲಲ್ಲಿ ಸೊಪ್ಪು ಯಾರಿಗೆ ಕಾಣಬೇಕು? ಟ್ರೇಲರಿನವರೂ ಬಡವರೇ, ಸತ್ತವನೂ ಬಡವರ ಮಗನೇ. ಎರಡು ಮನೆಯೂ ಇನ್ನೂ ಚೇತರಿಸಿಕೊಂಡಿಲ್ಲ.

ಹಿಂದೆ ಎರಡು ಕೆಂಪು ರಿಫ್ಲೆಕ್ಟರ್ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಹೊಳೆಯುವ ಟೇಪಿಗೆ ಒಂದು ಚೀಲ ಗೊಬ್ಬರದಷ್ಟೂ ದುಡ್ಡು ಬೇಡ. ಅಂಟಿಸಿದರೆ ಸಾಲದು, ಸಗಣಿ, ಕೆಸರು ಮೆತ್ತಿದ್ದನ್ನು ಹೊರಡುವ ಮುಂಚೆ ಒರೆಸಬೇಕು. ಮೇವು ಹೇರಿದಾಗ ಅದು ಜೋತುಬಿದ್ದು ಟೇಪು ಮುಚ್ಚಿಹೋಗ್ತದೆ, ಅದನ್ನೂ ನೋಡಬೇಕು. ಕೆಟ್ಟು ನಿಂತರೆ ಮೊದಲು ಗಾಡಿಯನ್ನು ರಸ್ತೆ ಬಿಟ್ಟು ಕೆಳಗಿಳಿಸಿ, ಜಾಕಿ ಆಮೇಲೆ. ಇಳಿಸಲು ಆಗದಿದ್ದರೆ ಒಬ್ಬ ಟಾರ್ಚ್ ಹಿಡಿದು ಐವತ್ತು ಹೆಜ್ಜೆ ಹಿಂದೆ, ರಸ್ತೆಯಿಂದ ಕೆಳಗೆ ನಿಂತು ಆಡಿಸಲಿ.

ನಾನು ಪಾಲಿಸುವ ಕ್ರಮ

ಹೊಲದಲ್ಲಿ ತಿರುಗಿಸಲು ಅನುಕೂಲವಾಗಲಿ ಅಂತ ಟ್ರ್ಯಾಕ್ಟರಿನ ಎಡ-ಬಲ ಬ್ರೇಕುಗಳು ಬೇರೆ ಬೇರೆ ಇರ್ತವೆ. ರಸ್ತೆಗೆ ಬರುವ ಮುಂಚೆ ಎರಡು ಪೆಡಲನ್ನೂ ಕೊಂಡಿ ಹಾಕಿ ಜೋಡಿಸಬೇಕು. ಇಲ್ಲವಾದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಗಿರ್ರನೆ ತಿರುಗಿ ಮಗುಚುತ್ತದೆ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಾಳಿ ಬಹಳ ಜನಕ್ಕಿದೆ. ನಮ್ಮ ಕಡೆ ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇಲ್ಲ. ಹೇರೆಲ್ಲ ಹಿಂದಿನಿಂದ ಟ್ರ್ಯಾಕ್ಟರನ್ನು ನೂಕುತ್ತದೆ. ಯಾವ ಗೇರಿನಲ್ಲಿ ದಿಬ್ಬ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ತಡೆದು ಹಿಡಿಯುತ್ತದೆ.

ಬಲಗಡೆ ಹೊಲದ ದಾರಿಗೆ ತಿರುಗುವಾಗ ಬಹಳ ಮುಂಚೆಯೇ ಕೈ ತೋರಿಸುತ್ತೇನೆ. ತೋರಿಸಿದೆ ಅಂತ ತಿರುಗಿಸೋದಿಲ್ಲ. ಹಿಂದೆ ತಿರುಗಿ ನೋಡಿ, ಬರುವವನು ನಿಧಾನ ಮಾಡಿದ ಮೇಲೇ ತಿರುಗಿಸೋದು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನೂ ಕೂರಿಸೋದಿಲ್ಲ, ದೊಡ್ಡವರನ್ನೂ ಕೂರಿಸೋದಿಲ್ಲ. ಅಲ್ಲಿಂದ ಜಾರಿದರೆ ಬೀಳೋದು ಹಿಂದಿನ ಚಕ್ರಕ್ಕೇ.

ಬೈಕಿನಲ್ಲಿ ಹೋಗುವಾಗ ನಿಂತ ಬಸ್ಸಿನ ಮುಂದಿನಿಂದ ಯಾರೋ ಓಡಿಬರುತ್ತಾರೆ ಅಂತಲೇ ತಿಳಿಯಬೇಕು. ಒಂದು ಕುರಿ ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರ್ತದೆ. ದಾಟುವ ದನದ ಮುಂದಿನಿಂದ ನುಗ್ಗದೆ ಬಾಲದ ಹಿಂದಿನಿಂದ ಹೋಗಿ. ಎದುರಿನ ಬೆಳಕು ಕಣ್ಣಿಗೆ ಹೊಡೆದರೆ ವೇಗ ಇಳಿಸಿ ರಸ್ತೆಯ ಎಡ ಅಂಚು ನೋಡಿ. ಹಳೆಯ 4ನೇ ನಂಬರಿನ, ಈಗಿನ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ತಿರುವು ದೂರ ಅಂತ ರಾಂಗ್ ಸೈಡಿನಲ್ಲಿ ಬರುವ ನಮ್ಮವರನ್ನು ಕಂಡರೆ ಎದೆ ನಡುಗುತ್ತದೆ. ಅಲ್ಲಿ ಬರುವವನು ಎದುರಿನಿಂದ ಗಾಡಿ ಬರ್ತದೆ ಅಂತ ಎಣಿಸಿರುವುದೇ ಇಲ್ಲ.

ರಸ್ತೆ ಕಣ ಅಲ್ಲ

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಸುಗ್ಗಿಯಲ್ಲಿ ರಾಗಿ, ಹುರುಳಿ ತಂದು ಡಾಂಬರು ರಸ್ತೆಗೆ ಹಾಸುತ್ತೇವೆ. ಹುಲ್ಲಿನ ಮೇಲೆ ಬೈಕು ಜಾರುತ್ತದೆ. ಕಾರಿನಡಿ ಹುಲ್ಲು ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೂ ಹತ್ತೀತು. ಸಂಜೆ ರಾಶಿ ಎತ್ತಿಕೊಂಡು ಹೋಗ್ತೇವೆ, ಅಡ್ಡ ಇಟ್ಟ ಗುಂಡುಕಲ್ಲು ಅಲ್ಲೇ ಉಳೀತದೆ.

ಕಣ ಮಾಡಲು ಆಳು ಎಲ್ಲಿ, ಜಾಗ ಎಲ್ಲಿ ಅಂತ ಕೇಳ್ತಾರೆ. ಕಷ್ಟ ನಿಜ, ನನಗೂ ಗೊತ್ತು. ಅದಕ್ಕೇ ಊರಿಗೊಂದು ಸಿಮೆಂಟಿನ ಕಣ ಬೇಕು ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ಅಲ್ಲಿವರೆಗೆ ನಾಲ್ಕು ಮನೆಯವರು ಸೇರಿ ಒಂದು ಕಣ ಮಾಡಿಕೊಳ್ಳಬಹುದು. ನಮ್ಮ ಹಿರಿಯರು ಸಗಣಿ ಸಾರಿಸಿ ಮಾಡುತ್ತಿದ್ದರಲ್ಲ.

ಎಪಿಎಂಸಿಯವರಿಗೂ ಒಂದು ಸಲಹೆ. ಗೇಟಿನಲ್ಲಿ ಚೀಟಿ ಬರೆಯುವಾಗಲೇ ಟ್ರೇಲರಿನ ಹಿಂಭಾಗ ನೋಡಿ, ಟೇಪು ಇಲ್ಲದಿದ್ದರೆ ಅಲ್ಲೇ ಅಂಟಿಸಿ ಕಳಿಸಲಿ. ಅದರ ದುಡ್ಡು ನಮ್ಮಿಂದಲೇ ಹಿಡಿದುಕೊಳ್ಳಲಿ, ಯಾರೂ ಬೇಡ ಅನ್ನಲಾರರು.

ಓದಿದವರು ಇವತ್ತು ಸಂಜೆ ಕತ್ತಲಾದ ಮೇಲೆ ನಿಮ್ಮ ಟ್ರೇಲರಿನಿಂದ ನೂರು ಹೆಜ್ಜೆ ಹಿಂದೆ ಹೋಗಿ ನಿಂತು, ಟಾರ್ಚ್ ಬಿಟ್ಟು ನೋಡಿ. ಕಾಣದಿದ್ದರೆ ನಾಳೆ ಪೇಟೆಗೆ ಹೋದಾಗ ಟೇಪು ತನ್ನಿ.