ಹಸೀನಾ ಕಾದದ್ದು ಯಾರಿಗಾಗಿ?

ರಮಝಾನ್ ಚಂದ್ರದರ್ಶನವಾಯಿತೆಂದರೆ ಟಿ.ವಿ.ಗೆ ಬಟ್ಟೆ ಹೊದಿಸುವ ಮನೆಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಇಂದಿಗೂ ಇವೆ. ಉಳಿದ ಹನ್ನೊಂದು ತಿಂಗಳು ಅದೇ ಮನೆಗಳಲ್ಲಿ ಸಿನಿಮಾ ಓಡುತ್ತಿರುತ್ತದೆ. ಸಿನಿಮಾ ನೋಡುವುದು ಸರಿಯೇ, ತಪ್ಪೇ ಎಂಬ ಚರ್ಚೆಯಲ್ಲೇ ನಾವು ದಣಿದಿದ್ದೇವೆ. ಆ ಪರದೆಯ ಮೇಲೆ ನಮ್ಮ ಮನಸ್ಸು ಹೇಗೆ ಕಾಣುತ್ತಿದೆ ಎಂದು ಕೇಳುವವರು ವಿರಳ.

ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1927ರಲ್ಲಿ ಧರ್ಮವನ್ನು 'ಭ್ರಮೆ' ಎಂದು ಕರೆದರು. ಅವರ ಅರ್ಥದಲ್ಲಿ ಭ್ರಮೆಯೆಂದರೆ ಸುಳ್ಳೆಂದೇ ಅಲ್ಲ, ಬಯಕೆಯಿಂದ ಹುಟ್ಟಿದ ನಂಬಿಕೆ. ಅಸಹಾಯಕ ಮಗು ರಕ್ಷಣೆಗಾಗಿ ತಂದೆಯನ್ನು ಅರಸುತ್ತದೆ. ಬೆಳೆದ ಮೇಲೂ ಮನುಷ್ಯನು ಆ ತಂದೆಯನ್ನೇ ಆಕಾಶದಲ್ಲಿ ಕಲ್ಪಿಸಿಕೊಳ್ಳುತ್ತಾನೆ ಎಂಬುದು ಅವರ ವಾದ. ಅಲ್ಲಾಹನು ಯಾರ ತಂದೆಯೂ ಅಲ್ಲವೆಂಬುದನ್ನು ಸೂರಃ ಇಖ್ಲಾಸ್ ಕಲಿತ ಮಗುವೂ ಬಲ್ಲದು. ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಆ ತಂದೆಯನ್ನು ಆಕಾಶದಲ್ಲಿ ಕೂರಿಸದ ನಾವು ಮೊಹಲ್ಲಾದಲ್ಲಿ ಕೂರಿಸಿದ್ದೇವೆ.

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ನಿರ್ದೇಶಿಸಿದ 'ಹಸೀನಾ' ಚಿತ್ರವನ್ನು ಈ ದೃಷ್ಟಿಯಿಂದ ನೋಡಬೇಕು. ಆ ಪಾತ್ರಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಲಭಿಸಿತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಚಾಲಕನಾದ ಗಂಡ ಹಸೀನಾಳನ್ನು ತೊರೆಯುತ್ತಾನೆ. ಆಕೆ ನ್ಯಾಯಕ್ಕಾಗಿ ಮುತವಲ್ಲಿಯ ಮೊರೆ ಹೋಗುತ್ತಾಳೆ. ಅಲ್ಲಿ ನ್ಯಾಯ ಸಿಗದಾಗ ಮಕ್ಕಳೊಡನೆ ಮಸೀದಿಯ ಮುಂದೆ ಕುಳಿತುಬಿಡುತ್ತಾಳೆ.

ಮೊದಲು ಆಕೆ ಕಾದದ್ದು ತಂದೆಯಂತಹ ಒಬ್ಬ ಹಿರಿಯನಿಗಾಗಿ. ಇಲ್ಲಿಯವರೆಗೆ ಫ್ರಾಯ್ಡರ ಮಾತು ಸರಿ. ಆದರೆ ಮಸೀದಿಯ ಮುಂದೆ ಕುಳಿತವಳು ಮಗುವಲ್ಲ. ಅಲ್ಲಾಹನು ಕೊಟ್ಟ ಹಕ್ಕನ್ನು ಮನುಷ್ಯರ ಕೈಯಿಂದ ಬಿಡಿಸಿಕೊಳ್ಳಲು ಬಂದ ಪ್ರಬುದ್ಧ ಹೆಣ್ಣು. ಮನುಷ್ಯನು ಪ್ರಬುದ್ಧನಾಗಲು ಧರ್ಮವನ್ನು ದಾಟಬೇಕೆಂದು ಫ್ರಾಯ್ಡ್ ಭಾವಿಸಿದ್ದರು. ಹಸೀನಾ ದಾಟಿದ್ದು ಧರ್ಮವನ್ನಲ್ಲ, ಮುತವಲ್ಲಿಯ ಮಾತೇ ಧರ್ಮವೆಂಬ ಭ್ರಮೆಯನ್ನು. ಎಲ್ಲವನ್ನೂ ಕಮಿಟಿಯ ಹಿರಿಯರಿಗೊಪ್ಪಿಸಿ ಮೌನವಾಗಿರುವ ನಾವೇ ಇನ್ನೂ ಮಕ್ಕಳಾಗಿ ಉಳಿದಿದ್ದೇವೆ.

ಕಹಿ ಸತ್ಯವನ್ನು ಕಂಡೂ ಕಾಣದಂತಿರುವುದನ್ನು ಮನೋವಿಶ್ಲೇಷಣೆ 'ನಿರಾಕರಣೆ' ಎನ್ನುತ್ತದೆ. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದ ಬಾನು ಮುಷ್ತಾಕ್ ಅವರು 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವು ಹೆಮ್ಮೆಪಟ್ಟೆವು. ಆದರೆ ಆ ಬಹಿಷ್ಕಾರ ತಪ್ಪಾಗಿತ್ತೆಂದು ಎಷ್ಟು ಮಂದಿ ಬಾಯಿಬಿಟ್ಟು ಹೇಳಿದ್ದೇವೆ?

ಮನಸ್ಸಿನ ಈ ಕಳ್ಳಾಟ ನಮ್ಮ ವಿದ್ವಾಂಸರಿಗೆ ಹೊಸತಲ್ಲ. ಕೆಡುಕಿಗೆ ಪ್ರೇರೇಪಿಸುವ ನಫ್ಸ್‌ನ ಬಗ್ಗೆ ಎಚ್ಚರಿಸುವ ಪವಿತ್ರ ಕುರ್‌ಆನ್, ಸೂರಃ ಅಲ್ ಕಿಯಾಮಃದಲ್ಲಿ ತನ್ನನ್ನು ತಾನೇ ದೂರಿಕೊಳ್ಳುವ ನಫ್ಸ್‌ನ ಆಣೆ ಹಾಕುತ್ತದೆ. ಸಮುದಾಯಕ್ಕೆ ಇಂದು ಬೇಕಾಗಿರುವುದು ಆ ಎರಡನೆಯ ಮನಸ್ಸು.

ಸಿನಿಮಾಕ್ಕೂ ತನ್ನದೇ ಭ್ರಮೆಯಿದೆ. ಕತ್ತಲಲ್ಲಿ ಕುಳಿತು ಹಸೀನಾಳಿಗಾಗಿ ಅತ್ತವರಿಗೆ ಕರ್ತವ್ಯ ಮುಗಿಯಿತೆನಿಸುತ್ತದೆ. ಆದರೆ ಗಂಡ ತೊರೆದ ಹೆಣ್ಣುಮಗಳು ನಮ್ಮ ಬೀದಿಯಲ್ಲೇ ಇರಬಹುದು. ಆಕೆಯ ದೂರನ್ನು ಬರೆದುಕೊಂಡು, ಗಂಡನನ್ನು ಕರೆಸಿ, ಜೀವನಾಂಶಕ್ಕೆ ಗಡುವು ವಿಧಿಸುವ ವ್ಯವಸ್ಥೆ ನಮ್ಮ ಮಸೀದಿಯಲ್ಲಿದೆಯೇ? ಆ ವಿಚಾರಣೆಯಲ್ಲಿ ಒಬ್ಬ ಮಹಿಳೆಯಾದರೂ ಕೂರುತ್ತಾರೆಯೇ? ಮುಂದಿನ ಜುಮಾ ಮುಗಿದ ಮೇಲೆ ಕಮಿಟಿಯವರನ್ನು ಇಷ್ಟಾದರೂ ಕೇಳೋಣ.