ಹುಲ್ಲು ಕೊಡದ ಫರೋಹ, ಕೈ ಕಡಿಸಿದ ಅರಸ

ಹೀಬ್ರೂ ಧರ್ಮಗ್ರಂಥದಲ್ಲಿ ಬರುವ ಈಜಿಪ್ಟಿನ ಅರಸ ಫರೋಹ ದೇವರನ್ನು ಧಿಕ್ಕರಿಸಿದ್ದು ನೇರಾನೇರ. ಇಸ್ರಾಯೇಲ್ಯರನ್ನು ಬಿಟ್ಟುಕೊಡು ಎಂದು ಮೋಶೆ ದೇವರ ಹೆಸರಿನಲ್ಲಿ ಕೇಳಿದಾಗ, ಆ ದೇವರು ಯಾರೋ ತನಗೆ ಗೊತ್ತೇ ಇಲ್ಲ ಎಂದುಬಿಟ್ಟ. ಇಟ್ಟಿಗೆ ಹಾಕುವ ಆ ಜೀತದವರಿಗೆ ಮಣ್ಣಿಗೆ ಬೆರೆಸುವ ಹುಲ್ಲು ಕೊಡುವುದನ್ನೂ ಅಂದೇ ನಿಲ್ಲಿಸಿದ. ಹುಲ್ಲು ಅವರೇ ಹುಡುಕಿ ತರಬೇಕು, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಕೂಡದು! ಈಜಿಪ್ಟಿಗೆ ಬಂದ ಹತ್ತು ಪಿಡುಗುಗಳನ್ನು ನೆನೆಯುವವರು ಈ ಹುಲ್ಲಿನ ಸುದ್ದಿಯನ್ನು ಮರೆಯುತ್ತಾರೆ.

ತುಳುನಾಡಿನ ಕಥೆಯ ಅರಸ ಹಾಗಲ್ಲ, ಮಹಾ ದೈವಭಕ್ತ. ಪಾಡ್ದನದ, ಅಂದರೆ ತುಳು ಜನಪದ ಕಥನಗೀತೆಯ, ಪ್ರಕಾರ ಕಾರ್ಕಳದ ಗೊಮ್ಮಟನನ್ನು ಕೆತ್ತಿದವನು ಬೀರ ಕಲ್ಕುಡ. ಇಂಥದ್ದು ಬೇರೆಲ್ಲೂ ಏಳಬಾರದೆಂದು ಕಾರ್ಕಳವನ್ನಾಳುತ್ತಿದ್ದ ಭೈರರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲೇ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ. ಆಮೇಲೆ ತಂಗಿ ಕಲ್ಲುರ್ಟಿಯೊಂದಿಗೆ ಮಾಯವಾಗಿ ದೈವವಾದ. ಅರಸನ ಅರಮನೆಗೆ ಬೆಂಕಿ ಬಿತ್ತು.

ಇಸವಿ ಹಿಡಿದು ಕೂತರೆ ಕಥೆ ನಿಲ್ಲುವುದಿಲ್ಲ. ಕಾರ್ಕಳದ 42 ಅಡಿಯ ಮೂರ್ತಿ 1432ರದ್ದು, ಅರಸ ತಿಮ್ಮಣ್ಣ ಅಜಿಲ ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯದ್ದು 1604ರದ್ದು. ನಡುವೆ 172 ವರ್ಷ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ 1430ರದ್ದು. ಆ ಕಾಲದಲ್ಲಿ ಈ ಸೀಮೆಯಲ್ಲಿ ಕಲ್ಲುಕುಟಿಗರ ಉಳಿಗೆ ಬಿಡುವಿರಲಿಲ್ಲ. ಅವರೆಲ್ಲರ ಸಂಕಟ ಒಬ್ಬ ಕಲ್ಕುಡನ ಮೈಮೇಲೆ ಬಂದಿರಬೇಕು.

ಫರೋಹ ಎದುರು ಹಾಕಿಕೊಂಡದ್ದು ಮೊದಲೇ ಇದ್ದ ದೇವರನ್ನು. ಭೈರರಸನ ಕಥೆಯಲ್ಲಿ ಅವನ ಅನ್ಯಾಯದಿಂದಲೇ ದೈವ ಹುಟ್ಟಿತು. ಗೊಮ್ಮಟನಿಗೆ ಹಾಲೆರೆದು, ಕೆತ್ತಿದ ಕೈಯನ್ನೇ ಕಡಿಸುವುದು ಫರೋಹನ ಮಾತಿಗಿಂತ ದೊಡ್ಡ ದೈವನಿಂದೆ. ಫರೋಹ ಕಡೇಪಕ್ಷ ಭಕ್ತನ ವೇಷ ಹಾಕಲಿಲ್ಲ.

ಬಂಟ್ವಾಳದ ಪಣೋಲಿಬೈಲಿನಲ್ಲಿ ಇಂದಿಗೂ ಕಲ್ಲುರ್ಟಿಗೆ ಅಗೇಲು ಬಡಿಸುತ್ತಾರೆ: ಬಾಳೆಲೆಯಲ್ಲಿ ಅನ್ನ, ಮೇಲೆ ಕೋಳಿ ಪದಾರ್ಥ. ಕಳೆದುಹೋದ ಚಿನ್ನಕ್ಕೂ ಹರಕೆ, ಮುರಿದ ಸಂಬಂಧಕ್ಕೂ ಹರಕೆ. ಭೈರರಸನಿಗೆ ಹರಕೆ ಹೊತ್ತವರನ್ನು ಯಾರೂ ಕಂಡಿಲ್ಲ.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 12 ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2024ರಲ್ಲಿ ಮುಗಿದಿದೆ. ಮುಂದಿನದಕ್ಕೆ ಬೇಕಾದಷ್ಟು ಸಮಯವಿದೆ. ಆಮಂತ್ರಣ ಪತ್ರಿಕೆಯಲ್ಲಿ ಅರಸರ, ಗುರುಗಳ ಹೆಸರಿನ ಜೊತೆಗೆ ಬೀರ ಕಲ್ಕುಡನ ಹೆಸರಿಗೂ ಒಂದು ಸಾಲು ಕೊಡಿ.